ಲೈನ್‌ಮನೆಗೆ ಬಾಗಿಲ ಸಂಖ್ಯೆ ಇದೆಯೆ? ಕೊಡಗಿನ ಕಾಫಿ ತೋಟ, ಒಳವಲಸೆ ಮತ್ತು ಪೌರತ್ವ

ವಿರಾಜಪೇಟೆಯಿಂದ ಗೋಣಿಕೊಪ್ಪ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಒಂದೇ ತೋಟದಲ್ಲಿ ಕಾಫಿ ಕೊಯ್ಯುವ ಮೂವರು ಹೆಂಗಸರು ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ. ಮೊದಲನೆಯವರು ಪಿರಿಯಾಪಟ್ಟಣದ ಕಡೆಯವರು. ಆಧಾರ್ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ. ಎರಡನೆಯವರು ಅಸ್ಸಾಮಿನವರು, ಅವರ ಬಳಿಯೂ ಆಧಾರ್ ಇದೆ, ಆದರೆ ಅದರಲ್ಲಿರುವ ವಿಳಾಸ ಅಸ್ಸಾಮಿನದು, ಹಾಗಾಗಿ ಹಣ ಕೊಟ್ಟು ಟಿಕೆಟ್ ಪಡೆಯುತ್ತಾರೆ. ಮೂರನೆಯವರು ಮಾಲ್ದಾರೆಯ ಕಡೆಯ ಲೈನ್‌ಮನೆಯೊಂದರಲ್ಲೇ, ಅಂದರೆ ತೋಟದ ಮಾಲೀಕರು ಕೆಲಸದವರಿಗಾಗಿ ಸಾಲಾಗಿ ಕಟ್ಟಿಸಿದ ಕೋಣೆಗಳಲ್ಲೊಂದರಲ್ಲಿ, ಹುಟ್ಟಿ ಬೆಳೆದ ಪಣಿ ಯರವ ಆದಿವಾಸಿ ಹೆಂಗಸು. ಅವರ ಬಳಿ ಯಾವ ಚೀಟಿಯೂ ಇಲ್ಲ, ಅವರೂ ಹಣ ಕೊಡುತ್ತಾರೆ. ಕಂಡಕ್ಟರ್ ಇಲ್ಲಿ ತಪ್ಪೇನೂ ಮಾಡಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಮಹಿಳೆಯರಿಗಾಗಿ ಇರುವುದರಿಂದ ಅವರು ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿಯನ್ನು ಕೇಳಲೇಬೇಕು. ಮೂವರೂ ಭಾರತದ ಪ್ರಜೆಗಳು, ಮೂವರ ಬೆನ್ನ ಮೇಲೂ ಒಂದೇ ತೋಟದ ಕಾಫಿ ಚೀಲದ ಭಾರ. ಆದರೂ ಪೌರತ್ವ ಎಂಬುದು ಮೂವರ ಕೈಗೆ ಮೂರು ಬಗೆಯಲ್ಲಿ ಸಿಗುತ್ತಿದೆ. ಇದು ಏಕೆ ಹೀಗಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ಸಂವಿಧಾನದಲ್ಲಿ ಪೌರತ್ವ ಒಂದೇ. ಅಮೆರಿಕದಲ್ಲಿರುವಂತೆ ದೇಶದ ಪೌರತ್ವ ಬೇರೆ, ರಾಜ್ಯದ ಪೌರತ್ವ ಬೇರೆ ಎಂಬ ವ್ಯವಸ್ಥೆ ಇಲ್ಲಿಲ್ಲ. 19(1)(ಡಿ) ವಿಧಿ ದೇಶದ ಉದ್ದಗಲಕ್ಕೂ ಸಂಚರಿಸುವ ಹಕ್ಕನ್ನೂ 19(1)(ಇ) ವಿಧಿ ಯಾವ ಭಾಗದಲ್ಲಾದರೂ ವಾಸಿಸಿ ನೆಲೆಸುವ ಹಕ್ಕನ್ನೂ ಕೊಡುತ್ತವೆ. ಸಾರ್ವಜನಿಕರ ಹಿತಕ್ಕಾಗಿ ಅಥವಾ ಪರಿಶಿಷ್ಟ ಪಂಗಡಗಳ ಹಿತರಕ್ಷಣೆಗಾಗಿ ಮಾತ್ರ ಈ ಎರಡು ಹಕ್ಕುಗಳ ಮೇಲೆ ಸಮಂಜಸವಾದ ನಿರ್ಬಂಧ ಹೇರಬಹುದು. ಹುಟ್ಟಿದ ಸ್ಥಳದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು 15ನೇ ವಿಧಿ ಹೇಳುತ್ತದೆ. ಸರ್ಕಾರಿ ಉದ್ಯೋಗದ ವಿಷಯದಲ್ಲಿ ವಾಸಸ್ಥಳದ ಷರತ್ತು ಹಾಕುವ ಅಧಿಕಾರ 16(3) ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ ಉಂಟು. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭಾರತದಲ್ಲಿ ಇರುವುದು ಇಡೀ ದೇಶಕ್ಕೆ ಸೇರಿದ ಒಂದೇ ಅಧಿವಾಸ (ಡೊಮಿಸೈಲ್, ಅಂದರೆ ಕಾನೂನು ಒಪ್ಪುವ ಕಾಯಂ ನೆಲೆ), ರಾಜ್ಯಕ್ಕೊಂದು ಅಧಿವಾಸ ಎಂಬುದಿಲ್ಲ ಎಂದು ವಿವರಿಸಿತು. ಇಷ್ಟರ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. ತೊಡಕು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪಡಿತರ, ಮತ, ಶಾಲೆ, ಮನೆ, ಪಿಂಚಣಿ ಇವೆಲ್ಲವನ್ನೂ ಆಡಳಿತ ಹಂಚುವುದು ವಿಳಾಸದ ಮೂಲಕ, ಆ ವಿಳಾಸವಾದರೋ ಯಾವುದೋ ಒಂದು ಪಂಚಾಯಿತಿಯ ಯಾವುದೋ ಒಂದು ವಾರ್ಡಿಗೆ ಅಂಟಿಕೊಂಡಿರುತ್ತದೆ. ಹಕ್ಕು ಇಡೀ ದೇಶದ್ದಾದರೂ ಅದನ್ನು ಪಡೆಯುವ ಬಾಗಿಲು ಊರಿನದು.

ಕೊಡಗಿನಲ್ಲಿ ಈ ತೊಡಕು ಎದ್ದು ಕಾಣಲು ಕಾಫಿಯ ಹಂಗಾಮೇ ಕಾರಣ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ. ದೇಶದ ಒಟ್ಟು ಬೆಳೆಯ ಮೂರನೇ ಒಂದು ಪಾಲು ಕೊಡಗೊಂದರಿಂದಲೇ ಬರುತ್ತದೆ. ಅರೇಬಿಕಾ ಕೊಯ್ಲು ವರ್ಷದ ಕೊನೆಯಲ್ಲಿ ಶುರುವಾಗಿ, ಅದರ ಬೆನ್ನಿಗೇ ರೊಬಸ್ಟಾ ಹಣ್ಣಾಗಿ, ಫೆಬ್ರುವರಿ–ಮಾರ್ಚ್‌ವರೆಗೆ ತೋಟದಲ್ಲಿ ಬಿಡುವಿರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಗಿಡದ ಮೇಲಿನ ಹಣ್ಣು ಇಳಿಯಬೇಕು, ಕಣದಲ್ಲಿ ಒಣಗಬೇಕು. ಜೊತೆಗೆ ಕರಿಮೆಣಸಿನ ಕೊಯ್ಲೂ ಕೂಡಿಬರುತ್ತದೆ. ವರ್ಷವಿಡೀ ಬೇಕಾಗದ ಕೈಗಳು ನಾಲ್ಕು ತಿಂಗಳು ಏಕಕಾಲಕ್ಕೆ ಬೇಕಾಗುತ್ತವೆ. ಇಲ್ಲಿನ ಆದಿವಾಸಿಗಳಾದ ಯರವರೂ ಜೇನು ಕುರುಬರೂ ಸಾಕಾಗದ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಜೀಪುಗಳಲ್ಲಿ ಕೆಲಸದವರು ಬರುತ್ತಿದ್ದರು, ಈಗಲೂ ಬರುತ್ತಾರೆ. ಕಳೆದ ಒಂದೆರಡು ದಶಕಗಳಲ್ಲಿ ಅವರ ಜೊತೆಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಒಡಿಶಾ, ಬಿಹಾರಗಳವರೂ ಸೇರಿದ್ದಾರೆ. ಕೊಡಗಿಗೆ ರೈಲಿಲ್ಲ. ಎರಡು ದಿನಕ್ಕೂ ಮೀರಿದ ರೈಲು ಪ್ರಯಾಣ ಮುಗಿಸಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಳಿದು, ಅಲ್ಲಿಂದ ಬಸ್ಸು ಹಿಡಿದು, ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪಗಳನ್ನು ಅವರು ತಲುಪುತ್ತಾರೆ. ನಮ್ಮಲ್ಲಿ ಅವರೆಲ್ಲರಿಗೂ ‘ಅಸ್ಸಾಮಿಗಳು’ ಎಂಬ ಒಂದೇ ಹೆಸರು. ಜಾರ್ಖಂಡಿನ ಆದಿವಾಸಿಯೂ ಅಸ್ಸಾಮಿ, ಬಂಗಾಳದ ಮುಸ್ಲಿಮನೂ ಅಸ್ಸಾಮಿ. ಈ ಒಂದೇ ಹೆಸರು ಎಷ್ಟು ಸಂಗತಿಗಳನ್ನು ಮರೆಮಾಡುತ್ತದೆ ಎಂಬುದು ಮುಂದೆ ತಿಳಿಯುತ್ತದೆ.

ಹೊರಗಿನವರು ಬಂದು ದುಡಿಯುವುದು ಕೊಡಗಿಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. 1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ನಾಡು ಬ್ರಿಟಿಷರ ಕೈಸೇರಿತು. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಿತು. ಅಂದಿನಿಂದಲೂ ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ, ಮಲಬಾರಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಅದನ್ನು ಅಪರಾಧವಾಗಿ ಕಾಣುವ ಕಾನೂನು 1859ರಿಂದ 1925ರವರೆಗೆ ದೇಶದಲ್ಲಿ ಜಾರಿಯಲ್ಲಿತ್ತು. ಇತ್ತ ಕೊಡಗಿನ ಜನರೂ ಹೊರಗೆ ಹೋಗುತ್ತಲೇ ಇದ್ದಾರೆ. ಸೇನೆಗೆ ಹೋದವರ ಮಾತು ಇರಲಿ, ಓದಿದ ಮಕ್ಕಳು ಬೆಂಗಳೂರು, ಮೈಸೂರು ಸೇರಿ ಮನೆಯಲ್ಲಿ ಹಿರಿಯರಿಬ್ಬರೇ ಉಳಿದ ತೋಟಗಳು ಊರೂರಿಗೂ ಇವೆ. 2001ರಲ್ಲಿ 5,48,561 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5,54,519 ಆಯಿತು. ಹತ್ತು ವರ್ಷಗಳಲ್ಲಿ ಶೇ. 1.09ರಷ್ಟು ಏರಿಕೆ. ಬೆಂಗಳೂರಿಗೆ ಹೋದ ಕೊಡಗಿನ ಹುಡುಗಿಯೂ ಪಾಲಿಬೆಟ್ಟಕ್ಕೆ ಬಂದ ಅಸ್ಸಾಮಿನ ಹುಡುಗನೂ ಬಳಸುತ್ತಿರುವುದು 19(1)(ಇ) ವಿಧಿಯನ್ನೇ. ಆಕೆಗೆ ಬಾಡಿಗೆ ಕರಾರುಪತ್ರ, ಬ್ಯಾಂಕ್ ಖಾತೆ, ಕಂಪನಿಯ ಪತ್ರ ಸಿಗುತ್ತವೆ. ಅವನಿಗೆ ಲೈನ್‌ಮನೆಯ ಒಂದು ಕೋಣೆ ಸಿಗುತ್ತದೆ, ಅದಕ್ಕೆ ಕಾಗದವಿಲ್ಲ.

ಇಂಥ ಕಾರ್ಮಿಕರಿಗೆಂದೇ ಕಾನೂನು ಇಲ್ಲದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ನೋಂದಣಿ, ಊರು ಬಿಟ್ಟು ಬಂದದ್ದಕ್ಕೆ ಭತ್ಯೆ, ಪ್ರಯಾಣ ಭತ್ಯೆ, ವಸತಿಗಳ ಬಗ್ಗೆ ಹೇಳಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಗುತ್ತಿಗೆದಾರನ ಮೂಲಕ ಬಂದ ಐದು ಅಥವಾ ಹೆಚ್ಚು ಮಂದಿ ಇರುವ ಕಡೆ ಮಾತ್ರ. ತೋಟಕ್ಕೆ ಬರುವವರಲ್ಲಿ ಎಷ್ಟೋ ಮಂದಿ ಹಿಂದಿನ ವರ್ಷ ಬಂದ ಭಾವನ ಅಥವಾ ಪಕ್ಕದ ಮನೆಯವನ ಫೋನ್ ಕರೆ ನಂಬಿ ಹೊರಟವರು. ಕಾಗದದ ಮೇಲೆ ಅವರಿಗೆ ಗುತ್ತಿಗೆದಾರನೇ ಇಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಈ ಲೋಪವನ್ನು ಸರಿಪಡಿಸಿತು: ತಾನಾಗಿಯೇ ಬಂದವನನ್ನೂ ವಲಸೆ ಕಾರ್ಮಿಕನೆಂದು ಒಪ್ಪಿಕೊಂಡಿತು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕರು ಕೊಡಬೇಕೆಂದಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದಿದೆ. ಆದರೆ ಐದರ ಮಿತಿ ಹತ್ತಕ್ಕೆ ಏರಿದೆ. ಹತ್ತು ಅಂತರರಾಜ್ಯ ಕಾರ್ಮಿಕರಿಲ್ಲದ ಕಡೆ ಈ ಅಧ್ಯಾಯ ಅನ್ವಯಿಸುವುದಿಲ್ಲ. ತೋಟ ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ಶಿಶುವಿಹಾರ, ಚಿಕಿತ್ಸೆಗಳನ್ನು ಕಡ್ಡಾಯ ಮಾಡಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲೂ ಐದು ಹೆಕ್ಟೇರ್ ಮತ್ತು ಹದಿನೈದು ಕಾರ್ಮಿಕರೆಂಬ ಗೆರೆ ಇತ್ತು, ಹೊಸ ಸಂಹಿತೆಯಲ್ಲೂ ಐದು ಹೆಕ್ಟೇರಿನ ಗೆರೆ ಉಳಿದಿದೆ. ಐದು ಹೆಕ್ಟೇರ್ ಎಂದರೆ ಸುಮಾರು ಹನ್ನೆರಡೂವರೆ ಎಕರೆ. ಕೊಡಗಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಎಂಟು ಎಕರೆಯ ತೋಟದಲ್ಲಿ ಆರು ಮಂದಿಯನ್ನು ಇಟ್ಟುಕೊಂಡು ಕೊಯ್ಲು ಮುಗಿಸುವ ಬೆಳೆಗಾರರು ಕಾನೂನು ಮುರಿಯುತ್ತಿಲ್ಲ. ಈ ಎರಡು ಕಾನೂನುಗಳೂ ಅವರ ಬೇಲಿಯ ಹೊರಗೇ ನಿಂತುಬಿಡುತ್ತವೆ.

ಪಡಿತರದ ವಿಷಯದಲ್ಲಿ ಮಾತ್ರ ವ್ಯವಸ್ಥೆ ನಿಜವಾಗಿಯೂ ಒಂದು ಹೆಜ್ಜೆ ಮುಂದಿಟ್ಟಿದೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು. ಮೊದಲೆಲ್ಲ ಚೀಟಿ ಯಾವ ಅಂಗಡಿಗೆ ಸೇರಿದೆಯೋ ಆ ಅಂಗಡಿಯಲ್ಲೇ ಅಕ್ಕಿ ಪಡೆಯಬೇಕಿತ್ತು. ಊರು ಬಿಟ್ಟರೆ ಅಕ್ಕಿಯನ್ನೂ ಬಿಟ್ಟಂತೆ. 2019ರಲ್ಲಿ ನಾಲ್ಕು ರಾಜ್ಯಗಳಿಂದ ಆರಂಭವಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಚೀಟಿಯ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ, ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ, ದೇಶದ ಯಾವ ಅಂಗಡಿಯಲ್ಲಾದರೂ ಧಾನ್ಯ ಪಡೆಯಬಹುದು. ಗಂಡ ಇಲ್ಲಿ ತನ್ನ ಪಾಲನ್ನು ಪಡೆದರೆ ಉಳಿದ ಪಾಲನ್ನು ಹೆಂಡತಿ ಮಕ್ಕಳು ಊರಿನಲ್ಲಿ ಪಡೆಯಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಲಕ್ಷಾಂತರ ಕಾರ್ಮಿಕರು ಹಸಿದು ಹೆದ್ದಾರಿಗಳಲ್ಲಿ ನಡೆದ ಮೇಲೆ ಈ ಕೆಲಸಕ್ಕೆ ವೇಗ ಬಂತು. 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಜುಲೈ ತಿಂಗಳೊಳಗೆ ಇದನ್ನು ಜಾರಿ ಮಾಡಬೇಕೆಂದು ಆದೇಶಿಸಿತು. ಕರ್ನಾಟಕ 2020ರ ಜನವರಿಯಲ್ಲೇ ಸೇರಿತ್ತು. ಎಲ್ಲರಿಗಿಂತ ಕೊನೆಯಲ್ಲಿ, 2022ರ ಜೂನ್‌ನಲ್ಲಿ, ಸೇರಿದ ರಾಜ್ಯ ಅಸ್ಸಾಂ. ಅಲ್ಲಿಯವರೆಗೆ ಕೊಡಗಿನ ತೋಟದಲ್ಲಿದ್ದ ಅಸ್ಸಾಮಿನ ಕಾರ್ಮಿಕನ ಚೀಟಿಗೆ ಇಲ್ಲಿನ ಯಂತ್ರದಲ್ಲಿ ಬೆಲೆಯೇ ಇರಲಿಲ್ಲ.

ಈ ವ್ಯವಸ್ಥೆಗೂ ಮಿತಿಗಳಿವೆ. ವರ್ಗಾವಣೆಯಾಗುವುದು ಕೇಂದ್ರದ ಕಾಯ್ದೆಯ ಪಾಲು ಮಾತ್ರ. ರಾಜ್ಯ ಸರ್ಕಾರ ತನ್ನ ಹಣದಿಂದ ಕೊಡುವ ಹೆಚ್ಚುವರಿ ಅಕ್ಕಿ ಹೊರರಾಜ್ಯದ ಚೀಟಿಗೆ ಸಿಗುವುದಿಲ್ಲ. ಊರಿನಲ್ಲೇ ಚೀಟಿ ಇಲ್ಲದವನಿಗೆ ವರ್ಗಾಯಿಸಲು ಏನೂ ಇಲ್ಲ. ಕೊಯ್ಲಿನ ಕಾಲದಲ್ಲಿ ದಿನವಿಡೀ ಗಿಡ ತಡಕಿ, ಸಂತೆಯ ದಿನ ಮಾತ್ರ ಪೇಟೆಗೆ ಇಳಿಯುವ ಕೈಗಳ ಬೆರಳಚ್ಚು ಸವೆದು ಯಂತ್ರಕ್ಕೆ ಗುರುತು ಸಿಗದಿರುವುದೂ ಉಂಟು. ಆದರೂ ಹಕ್ಕು ಮನುಷ್ಯನ ಜೊತೆಯಲ್ಲೇ ಪ್ರಯಾಣ ಮಾಡಬಹುದು, ಹಾಗೆ ಮಾಡುವಂತೆ ವ್ಯವಸ್ಥೆಯನ್ನು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಕಾಣುವುದಿಲ್ಲ.

ಮತದ ಕತೆ ಹಾಗಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ‘ಸಾಮಾನ್ಯವಾಗಿ ವಾಸಿಸುವ’ ಕ್ಷೇತ್ರದಲ್ಲಿ ಹೆಸರು ಇರಬೇಕು, ಎರಡು ಕಡೆ ಇರುವಂತಿಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ವಾಸ ತಪ್ಪುವುದಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಹಾಗಾದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಕೊಡಗಿನಲ್ಲಿ, ಎರಡು ತಿಂಗಳು ಕೇರಳದಲ್ಲಿ, ಉಳಿದ ದಿನ ಊರಿನಲ್ಲಿ ಇರುವವನು ಸಾಮಾನ್ಯವಾಗಿ ವಾಸಿಸುವುದು ಎಲ್ಲಿ? ಊರಿನ ಪಟ್ಟಿಯಲ್ಲಿ ಹೆಸರಿದ್ದರೂ ಮತ ಹಾಕಲು ಹೋಗಿಬರಬೇಕಾದರೆ ವಾರಕ್ಕೂ ಹೆಚ್ಚಿನ ಕೂಲಿ ಮತ್ತು ರೈಲಿನ ಖರ್ಚು ಕಳೆದುಕೊಳ್ಳಬೇಕು. ಇದಕ್ಕಾಗಿ ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ 72 ಕ್ಷೇತ್ರಗಳ ಮತವನ್ನು ಒಂದೇ ಮತಗಟ್ಟೆಯಲ್ಲಿ ಪಡೆಯಬಲ್ಲ ದೂರ ಮತಯಂತ್ರದ ಮಾದರಿಯನ್ನು ಮುಂದಿಟ್ಟಿತು. ರಾಜಕೀಯ ಪಕ್ಷಗಳು ಆಕ್ಷೇಪಿಸಿದವು, ವಿಷಯ ಮುಂದೆ ಸಾಗಲಿಲ್ಲ. ಇನ್ನೊಂದು ಕಡೆಯಿಂದ ಊರಿನ ಹೆಸರೇ ಅಳಿಯುವ ಅಪಾಯವೂ ಇದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಸತ್ತವರ ಮತ್ತು ಎರಡು ಕಡೆ ನೋಂದಾಯಿಸಿಕೊಂಡವರ ಜೊತೆಗೆ, ‘ಶಾಶ್ವತವಾಗಿ ಸ್ಥಳಾಂತರಗೊಂಡವರು’ ಅಥವಾ ಮನೆಯಲ್ಲಿ ಸಿಗದವರು ಎಂಬ ಕಾರಣಕ್ಕೆ ಬಿಟ್ಟುಹೋದವರೂ ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ದುಡಿಯಲು ಹೋದವನು ಮನೆಯಲ್ಲಿ ಸಿಗುವುದು ಹೇಗೆ? ಮತವಿಲ್ಲದವನ ಬಳಿಗೆ ಇಲ್ಲಿನ ಪಂಚಾಯಿತಿ ಸದಸ್ಯರೂ ಹೋಗುವುದಿಲ್ಲ, ಅಲ್ಲಿನ ಶಾಸಕರೂ ಬರುವುದಿಲ್ಲ. ಲೈನ್‌ಮನೆಯ ಮುಂದಿನ ಚರಂಡಿ ವರ್ಷಗಟ್ಟಲೆ ಹಾಗೇ ಉಳಿಯುವುದರ ಹಿಂದೆ ಈ ಲೆಕ್ಕವೂ ಇದೆ.

ಈಗ ಕೊಡಗಿನಲ್ಲಿ ಎಲ್ಲರ ನಾಲಗೆಯ ಮೇಲಿರುವ ಪ್ರಶ್ನೆಗೆ ಬರೋಣ: ಇವರು ಅಸ್ಸಾಮಿನವರೋ, ಬಾಂಗ್ಲಾದೇಶದವರೋ? ಪ್ರಶ್ನೆ ಕೇಳುವುದೇ ತಪ್ಪೆಂದು ನಾನು ಹೇಳಲಾರೆ. ಗಡಿ ದಾಟಿ ಅಕ್ರಮವಾಗಿ ಬರುವವರಿದ್ದಾರೆ, ಅದನ್ನು ಪತ್ತೆ ಮಾಡುವುದು ಸರ್ಕಾರದ ಕರ್ತವ್ಯ. ಆದರೆ ಉತ್ತರ ಹುಡುಕುವ ಬಗೆಯನ್ನು ತಿಳಿದಿರಬೇಕು. ಬಂಗಾಳಿ ಮಾತನಾಡುವುದು ವಿದೇಶಿಯೆಂಬುದಕ್ಕೆ ಪುರಾವೆಯಲ್ಲ. ಅದು ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಕನ್ನಡದ ಜೊತೆಗೇ ಇರುವ ಭಾಷೆ, ಅಸ್ಸಾಮಿನಲ್ಲೂ ಲಕ್ಷಾಂತರ ಜನರ ಮನೆಮಾತು. ಆಧಾರ್ ಚೀಟಿ ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಆಧಾರ್ ಇದ್ದವನು ಭಾರತೀಯನೇ ಎಂದು ಹೇಳಲಾಗದು, ಇಲ್ಲದವನು ವಿದೇಶಿಯೆಂದೂ ಹೇಳಲಾಗದು. ಎರಡನೆಯ ಮಾತಿಗೆ ಅಸ್ಸಾಂ ದೊಡ್ಡ ಸಾಕ್ಷಿ. ಅಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿಯ (ಎನ್‌ಆರ್‌ಸಿ) ಕೆಲಸ ನಡೆದಾಗ ಸುಮಾರು 27 ಲಕ್ಷ ಜನರ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಪಡೆದು ತಡೆಹಿಡಿಯಲಾಯಿತು. ಅಂತಿಮ ಪಟ್ಟಿಯಲ್ಲಿ ಹೆಸರು ಬಂದವರಿಗೂ ವರ್ಷಗಳ ಕಾಲ ಆಧಾರ್ ಸಿಗಲಿಲ್ಲ. 2024ರ ಆಗಸ್ಟ್‌ನಲ್ಲಿ ಅವರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಬಿಡುಗಡೆ ದೊರೆಯಿತು.

ಅಸ್ಸಾಮಿನ ಪೌರತ್ವದ ನಿಯಮವೂ ಬೇರೆಯೇ. 1985ರ ಅಸ್ಸಾಂ ಒಪ್ಪಂದದ ಪ್ರಕಾರ ಪೌರತ್ವ ಕಾಯ್ದೆಗೆ ಸೇರಿದ 6ಎ ಕಲಮು, ಬಾಂಗ್ಲಾದೇಶದ ಕಡೆಯಿಂದ ಅಸ್ಸಾಮಿಗೆ ಬಂದು ನೆಲೆಸಿದವರನ್ನು ಪ್ರಜೆಗಳೆಂದು ಒಪ್ಪಲು 1971ರ ಮಾರ್ಚ್ 25ನ್ನು ಗಡುವಾಗಿ ಇಟ್ಟಿದೆ. 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ನೋಂದಣಿಯಲ್ಲಿ 19,06,657 ಜನರ ಹೆಸರು ಇರಲಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಅವರು ವಿದೇಶಿಯರಾಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದುದು ಅಲ್ಲಿನ ವಿದೇಶಿಯರ ನ್ಯಾಯಮಂಡಳಿಗಳು, ಅದರ ಮೇಲೆ ಹೈಕೋರ್ಟ್. ಅಜ್ಜನ ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದುದಕ್ಕೆ, ನದಿಯ ಕೊರೆತಕ್ಕೆ ಊರೇ ಕೊಚ್ಚಿಹೋಗಿ ಕಾಗದ ಉಳಿಯದುದಕ್ಕೆ ಅಲ್ಲಿ ಪಟ್ಟಿಯಿಂದ ಹೊರಗುಳಿದವರಿದ್ದಾರೆ. ತೋಟದ ಮಾಲೀಕರು, ರೈಟರ್ (ತೋಟದ ಗುಮಾಸ್ತ), ಊರಿನ ಯುವಕರ ಗುಂಪು, ಅಂಗಡಿಯವರು ಇವರಾರೂ ಯಾರನ್ನೂ ವಿದೇಶಿಯೆಂದು ಘೋಷಿಸಲಾರರು. ಕೆಲಸಕ್ಕೆ ಬಂದವರ ಗುರುತಿನ ಚೀಟಿಯ ಪ್ರತಿಯನ್ನು ಪೊಲೀಸ್ ಠಾಣೆಗೆ ಕೊಡುವುದು ಸರಿಯಾದ ಕ್ರಮ. ಆ ಚೀಟಿಯನ್ನೇ ಕಿತ್ತು ಮಾಲೀಕರ ಬೀರುವಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಚೀಟಿ ಕೈಯಲ್ಲಿಲ್ಲದವನು ಬೇರೆ ತೋಟಕ್ಕೆ ಹೋಗಲಾರ, ಆಸ್ಪತ್ರೆಗೆ ಹೋಗಲಾರ, ಊರಿಗೂ ಹೋಗಲಾರ.

ಇಷ್ಟು ಹೊತ್ತು ಹೊರಗಿನಿಂದ ಬಂದವರ ಮಾತಾಯಿತು. ಬಸ್ಸಿನಲ್ಲಿದ್ದ ಮೂರನೆಯ ಹೆಂಗಸಿನ ಮಾತು ಬಾಕಿ ಇದೆ, ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಅಲ್ಲೇ. ಯರವರು, ಜೇನು ಕುರುಬರು ಎಲ್ಲಿಂದಲೋ ಬಂದವರಲ್ಲ, ಈ ಕಾಡಿನವರೇ. ಆದರೂ ತಲೆಮಾರುಗಳಿಂದ ಲೈನ್‌ಮನೆಗಳಲ್ಲಿದ್ದ ಎಷ್ಟೋ ಕುಟುಂಬಗಳಿಗೆ ಪಡಿತರ ಚೀಟಿಯಾಗಲಿ, ಮತದಾರರ ಪಟ್ಟಿಯಲ್ಲಿ ಹೆಸರಾಗಲಿ ಇರಲಿಲ್ಲ. ಮನೆ ಮಾಲೀಕರದು, ವಿಳಾಸವೂ ಮಾಲೀಕರದು. ವಾಸದ ದಾಖಲೆ ಕೊಟ್ಟರೆ ನಾಳೆ ಹಕ್ಕು ಕೇಳಿಯಾರೆಂಬ ಭಯ ಮಾಲೀಕರಿಗೆ; ಕೇಳಿದರೆ ಮನೆ ಬಿಡಿಸಿಯಾರೆಂಬ ಭಯ ಕೆಲಸದವರಿಗೆ. ಮುಂಗಡ ಸಾಲ ತೀರದೆ ಒಂದೇ ತೋಟಕ್ಕೆ ಅಂಟಿಕೊಂಡಿರುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ, ಆದರೆ ಕಾಯ್ದೆಯ ನೆರವು ಕೇಳಲು ಹೋಗುವವನಿಗೆ ಮೊದಲು ರಾತ್ರಿ ಮಲಗಲು ಬೇರೊಂದು ಜಾಗ ಬೇಕು. ಹೀಗೆ ಲೈನ್‌ಮನೆ ಬಿಟ್ಟು ಬಂದ ಹಲವರು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡರು. ಅದು ಅರಣ್ಯಭೂಮಿಯೆಂದು 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಲಾಯಿತು. ಚಳಿಯಲ್ಲಿ, ಮರದ ಕೆಳಗೆ ಅವರು ನಡೆಸಿದ ಹೋರಾಟದ ಫಲವಾಗಿ ಮುಂದೆ ಕುಶಾಲನಗರದ ಬಳಿಯ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅವರು ಕೇಳಿದ್ದು ಭೂಮಿಯ ಜೊತೆಗೆ ತಮ್ಮ ಹೆಸರಿನ ಒಂದು ವಿಳಾಸ.

ಇದನ್ನು ನೋಡಿದ ಮೇಲೆ ಒಳಗಿನವರು, ಹೊರಗಿನವರು ಎಂಬ ವಿಂಗಡಣೆಯಿಂದ ಈ ವಿಷಯ ಅರ್ಥವಾಗುವುದಿಲ್ಲ ಎಂದು ನನಗೆ ಅನ್ನಿಸಿದೆ. ಮೂರು ಸಾವಿರ ಕಿಲೋಮೀಟರ್ ದೂರದಿಂದ ಬಂದವನೂ ಮೂರು ತಲೆಮಾರಿನಿಂದ ಇಲ್ಲೇ ಇರುವವಳೂ ಒಂದೇ ಸಾಲಿನ ಒಂದೇ ಬಗೆಯ ಕೋಣೆಯಲ್ಲಿದ್ದಾರೆ, ಆ ಕೋಣೆಯ ಬಾಗಿಲಿಗೆ ಸಂಖ್ಯೆ ಇಲ್ಲ. ಪಂಚಾಯಿತಿಯ ಆಸ್ತಿ ಪುಸ್ತಕದಲ್ಲಿ ತೋಟಕ್ಕೊಂದು ನಮೂದು ಇರುತ್ತದೆ, ಲೈನಿನ ಒಂದೊಂದು ಮನೆಗೆ ಇರುವುದಿಲ್ಲ. ವಾಸದ ದಾಖಲೆ ಬೇರೆ, ಒಡೆತನದ ದಾಖಲೆ ಬೇರೆ ಎಂದು ಸ್ಪಷ್ಟಪಡಿಸಿ, ಲೈನ್‌ಮನೆಗಳಿಗೆ ಪಂಚಾಯಿತಿಯೇ ಕ್ರಮಸಂಖ್ಯೆ ಕೊಟ್ಟು, ಅಲ್ಲಿರುವವರಿಗೆ ವಾಸದ ದೃಢೀಕರಣ ಕೊಟ್ಟರೆ ಮಾಲೀಕರ ಭಯವೂ ಕಡಿಮೆಯಾದೀತು, ಚೀಟಿಗಳ ದಾರಿಯೂ ತೆರೆದೀತು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ.

ಆದಿವಾಸಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರಿಶಿಷ್ಟ ಪಂಗಡದ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಒಂದು ರಾಜ್ಯದ ಮಾನ್ಯತೆ ಇನ್ನೊಂದಕ್ಕೆ ಬರುವುದಿಲ್ಲವೆಂದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರ್ಖಂಡಿನ ಸಂತಾಲ ಅಥವಾ ಮುಂಡಾ ಕುಟುಂಬ ಕೊಡಗಿನಲ್ಲಿ ನೆಲೆಸಿದರೆ ಅವರ ಮಕ್ಕಳಿಗೆ ಇಲ್ಲಿ ಆ ಮೀಸಲಾತಿ ಇಲ್ಲ. ಬ್ರಿಟಿಷರು ಛೋಟಾನಾಗಪುರದಿಂದ ಅಸ್ಸಾಮಿನ ಚಹಾ ತೋಟಗಳಿಗೆ ಕೊಂಡೊಯ್ದ ಇದೇ ಜನರ ವಂಶಸ್ಥರು ಇಂದಿಗೂ ಅಸ್ಸಾಮಿನಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಕೇಳುತ್ತಿದ್ದಾರೆ. ತೋಟದ ದುಡಿಮೆಗೆಂದು ಒಮ್ಮೆ ಹೊರಟವರ ಕಾಗದ ನೂರೈವತ್ತು ವರ್ಷವಾದರೂ ಅವರನ್ನು ಹಿಂಬಾಲಿಸಿ ಬಂದಿಲ್ಲ.

ಸ್ಥಳೀಯರ ಆತಂಕವನ್ನೂ ನಾನು ತಳ್ಳಿಹಾಕುವುದಿಲ್ಲ. ಕೊಡವರ ಭಾಷೆಯಾದ ಕೊಡವ ತಕ್ಕ್ ಆಡುವವರು ದೇಶದಲ್ಲಿ ಒಂದು ಲಕ್ಷಕ್ಕೆ ತುಸು ಹೆಚ್ಚು ಇರುವಾಗ, ಯುವಜನ ಊರು ಬಿಟ್ಟು ಹೋಗುತ್ತಿರುವಾಗ, ಸಂತೆಯಲ್ಲಿ ಅಪರಿಚಿತ ಭಾಷೆ ಕೇಳಿಸಿದರೆ ಮನಸ್ಸು ಮುದುಡುವುದು ಸಹಜ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟು ಕೆಲವೇ ದಿನಗಳಲ್ಲಿ ತಡೆಹಿಡಿದದ್ದು ಇಂಥದೇ ಆತಂಕಕ್ಕೆ ಬಂದ ಉತ್ತರ. ಹರಿಯಾಣದ ಅಂಥ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದುಪಡಿಸಿತ್ತು. ತೋಟದ ಮಟ್ಟಿಗಂತೂ ಇಂಥ ಮೀಸಲು ಅರ್ಥವಿಲ್ಲದ ಮಾತು, ಏಕೆಂದರೆ ಇಲ್ಲಿ ಕೊರತೆ ಇರುವುದು ಕೆಲಸದ್ದಲ್ಲ, ಕೆಲಸದವರದು. ಭಾಷೆಯ ಆತಂಕಕ್ಕೆ ಶಾಲೆಯಲ್ಲಿ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಕೊಡಗಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಹೊತ್ತಿನಲ್ಲಿ ಲೈನ್‌ಮನೆಯ ಮಕ್ಕಳು ಅಲ್ಲಿ ಕುಳಿತು ಕನ್ನಡ ಕಲಿತರೆ ಅದರಿಂದ ಕನ್ನಡಕ್ಕೇ ಲಾಭ.

ಇನ್ನು ಉಳಿದದ್ದು ಎಣಿಕೆಯ ಮಾತು. 2011ರ ಗಣತಿಯ ಪ್ರಕಾರ ದೇಶದಲ್ಲಿ ಒಳವಲಸಿಗರು 45 ಕೋಟಿಗೂ ಹೆಚ್ಚು. ಇದರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳದೇ ಎಲ್ಲಕ್ಕಿಂತ ದೊಡ್ಡ ಪಾಲು. ನಾಲ್ಕು ತಿಂಗಳ ಕೊಯ್ಲಿಗೆ ಬಂದುಹೋಗುವವರು ಈ ಜಾಲರಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಮುಂದಿನ ಗಣತಿಯಲ್ಲಿ ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ ನಡೆಯಲಿದ್ದು, ಮಾರ್ಚ್ 1 ಅದರ ಉಲ್ಲೇಖ ದಿನ. ಆಗ ಕೊಡಗಿನಲ್ಲಿ ರೊಬಸ್ಟಾ ಕೊಯ್ಲು ಜೋರಾಗಿರುತ್ತದೆ, ಲೈನ್‌ಮನೆಗಳು ತುಂಬಿರುತ್ತವೆ. ಎಣಿಕೆಯ ಅವಧಿ ಪೂರ್ತಿ ಊರಿನಿಂದ ಹೊರಗಿರುವವರನ್ನು ಅವರು ಇರುವ ಜಾಗದಲ್ಲೇ ಎಣಿಸಬೇಕೆಂಬುದು ಹಿಂದಿನ ಗಣತಿಗಳ ಪದ್ಧತಿ. ಹುಟ್ಟಿದ್ದು ಎಲ್ಲಿ, ಕೊನೆಯದಾಗಿ ವಾಸವಿದ್ದುದು ಎಲ್ಲಿ, ಬಂದ ಕಾರಣವೇನು, ಬಂದು ಎಷ್ಟು ಕಾಲವಾಯಿತು ಎಂಬ ಪ್ರಶ್ನೆಗಳೂ ಅದರಲ್ಲಿ ಇರುತ್ತವೆ. ಗಣತಿದಾರರು ಹಗಲು ಬಂದರೆ ಲೈನಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ತೋಟದಲ್ಲಿರುತ್ತಾರೆ. ಸಂಜೆ, ಕೊಯ್ದ ಕಾಫಿಯ ತೂಕ ಮುಗಿದು ಒಲೆ ಹೊತ್ತುವ ಹೊತ್ತಿಗೆ, ಅವರ ಮಾತು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಬರಬೇಕಾಗುತ್ತದೆ.